ಆಪರೇಷನ್ನಿಗೆ ಮುಂಚೆ ಅವ್ವ ಆಡಿದ ಮಾತು

ಹರಿಹರದ ನಮ್ಮ ಓಣಿಯವರು ದಾವಣಗೆರೆಯ ಆ ಹೃದಯದ ಡಾಕ್ಟರ ಕೈಗುಣವನ್ನು ಹೊಗಳಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಅವ್ವನಿಗೆ ಬೈಪಾಸ್ ಆಗಲೇಬೇಕು ಎಂದಾಗ ನಾನೂ ನನ್ನ ತಮ್ಮನೂ ಬೇರೆ ಯಾರ ಹೆಸರನ್ನೂ ಯೋಚಿಸಲಿಲ್ಲ. ಅವರ ಹತ್ತಿರ ನಮ್ಮ ಸರದಿ ಬರಲು ಹನ್ನೊಂದು ದಿನ ಕಾದೆವು. ಅಷ್ಟೂ ದಿನ ಅವ್ವ ಸ್ವಲ್ಪ ಕೆಮ್ಮಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅವಳು ಮಾತ್ರ ತಣ್ಣಗಿದ್ದಳು. ಚರ್ಚಿನ ಬಲಿಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ಅವಳು ತಾನಾಗಿ ಹೊತ್ತುಕೊಂಡ ಕೆಲಸ. ಆಸ್ಪತ್ರೆಗೆ ಸೇರುವ ದಿನವೂ ಅದನ್ನು ಮುಗಿಸಿಯೇ ಆಟೋ ಹತ್ತಿದಳು. ದಾರಿಯಲ್ಲಿ ಬಾತಿ ಊರು ದಾಟುವವರೆಗೂ ನಾನು ಬೈಯುತ್ತಲೇ ಇದ್ದೆ. ಅವಳು ಕೇಳಿಸದವಳಂತೆ ಹೊರಗೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಥಿಯೇಟರ್ ಬಾಗಿಲಿಗೆ ತಂದರು. ಡಾಕ್ಟರು ಎದುರು ಬಂದರು. ನಾನು ಅವರ ಕಾಲಿಗೆ ಬಗ್ಗಿದೆ.

“ನೀವೇ ನಮ್ಮ ದೇವ್ರು ಸರ್. ಹೆಂಗಾದ್ರೂ ಮಾಡಿ ಅವ್ವನ್ನ ಉಳಿಸಿಕೊಡ್ರಿ.”

ಅಲ್ಲಿಗೆ ಬಂದವರೆಲ್ಲ ಆಡುವ ಮಾತೇ ಅದು. ಆದರೆ ಅವ್ವ ತಲೆ ಎತ್ತಿದಳು. “ಹಂಗನ್ನಬ್ಯಾಡ,” ಎಂದಳು. ನಾನು ಅವಳ ಕೈ ಚಿವುಟಿದೆ. ಕೇಳುವ ಹೆಣ್ಣೇ ಅವಳು? ಡಾಕ್ಟರ ಕಡೆಗೇ ತಿರುಗಿದಳು.

“ತಪ್ಪು ತಿಳೀಬ್ಯಾಡ್ರಿ ಸರ. ನೀವು ಭಾಳ ದೊಡ್ಡೋರು. ಆದ್ರೆ ಎಷ್ಟು ದೊಡ್ಡೋರಾದ್ರೂ ಮನುಷ್ಯರೇ. ನನ್ನ ರಕ್ಷಕ ಯೇಸು ಒಬ್ಬನೇ. ಅವನ ಭಾರ ನಿಮ್ಮ ಮ್ಯಾಲೆ ಹಾಕಬಾರ್ದು.”

ಚಾಕು ಹಿಡಿಯಲು ಹೊರಟವರಿಗೆ ಹೇಳುವ ಮಾತೇ ಇದು! ಡಾಕ್ಟರು ಒಂದು ಕ್ಷಣ ಅವಳನ್ನೇ ನೋಡಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಅವರಿಗೆ ಬೇಜಾರಾಯಿತೇ? ಮನಸ್ಸು ಕೆಟ್ಟು ಕೈ ತಪ್ಪಿದರೆ? ಹೊರಗೆ ಕೂತು ಅದನ್ನೇ ಹತ್ತು ಸಲ ಯೋಚಿಸಿದೆ. ನಿಜ ಹೇಳುತ್ತೇನೆ, ಆಗ ನನಗೆ ಅವ್ವನ ಮೇಲೆ ಕೆಟ್ಟ ಕೋಪವಿತ್ತು. ಮಧ್ಯಾಹ್ನ ಒಂದು ಗಂಟೆಗೆ ನರ್ಸ್ ಬಂದು ರಕ್ತ ಬೇಕು ಎಂದಳು. ತಮ್ಮ ಓಡಿ ತಂದ. ಮೂರಕ್ಕೆ ಬಂದು ಇನ್ನೂ ಬೇಕು ಎಂದಳು. ಏನಾಗಿದೆ ಎಂದು ಕೇಳುವಷ್ಟರಲ್ಲಿ ಒಳಗೆ ಓಡಿದಳು.

ನಾಲ್ಕಕ್ಕೆ ಡಾಕ್ಟರೇ ಬಂದರು.

“ಆಗ್ಲಿಲ್ಲಮ್ಮ. ರಕ್ತ ನಿಲ್ಲಲೇ ಇಲ್ಲ. ಅವರು ಹೋಗಿಬಿಟ್ರು.”

ತಮ್ಮ ಅವರ ಕೊರಳಪಟ್ಟಿ ಹಿಡಿದ. “ದೇವ್ರು ಅಂತ ನಂಬಿ ಬಂದಿದ್ವಲ್ರೀ! ಅವ್ವ ಅಂದ ಮಾತಿಗೆ ಸೇಡು ತೀರಿಸಿಕೊಂಡ್ರೇನು?”

ಬೆಳಗಿನಿಂದ ನನ್ನೊಳಗೆ ಕುದಿಯುತ್ತಿದ್ದುದನ್ನೇ ಅವನು ಕೂಗಿದ್ದ. ಜನ ಸೇರಿದರು. ಡಾಕ್ಟರು ಬಿಡಿಸಿಕೊಳ್ಳಲೂ ಹೋಗಲಿಲ್ಲ. ಊರೆಲ್ಲ ಹೊಗಳುತ್ತಿದ್ದ ಆ ಎರಡೂ ಕೈ ಗಡಗಡ ನಡುಗುತ್ತಿದ್ದವು. ಅದನ್ನು ನೋಡಿದ ಮೇಲೆ ನನ್ನಿಂದ ಸುಮ್ಮನಿರಲು ಆಗಲಿಲ್ಲ. ತಮ್ಮನ ಬೆರಳು ಒಂದೊಂದಾಗಿ ಬಿಡಿಸಿದೆ.

“ಬಿಡೋ. ಅವ್ರನ್ನ ದೇವ್ರು ಅಂದದ್ದು ನಾವು. ಅವ್ವ ಅನ್ನಲಿಲ್ಲ.”

ಅವನು ನನ್ನ ಹೆಗಲಿಗೆ ತಲೆ ಇಟ್ಟು ಅತ್ತ. ಡಾಕ್ಟರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು.

ಅವರ ಮೇಲೆ ನನಗೆ ಈಗ ಏನೂ ಇಲ್ಲ. ಆದರೆ ಸಿಟ್ಟು ಹೋಗಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ, ಅವ್ವ ನಂಬಿದವನ ಜೊತೆ ಜಗಳವಾಡುತ್ತೇನೆ. ಅಷ್ಟು ನಂಬಿದವಳನ್ನು ಯಾಕೆ ಕರೆದುಕೊಂಡೆ ಎಂದು ಬಾಯಿಗೆ ಬಂದಂತೆ ಕೇಳುತ್ತೇನೆ. ಅದರಲ್ಲಿ ಕಾಲುಭಾಗ ಕೇಳಿಸಿಕೊಂಡಿದ್ದರೂ ಯಾವ ಮನುಷ್ಯನಾದರೂ ಎದ್ದು ಹೋಗುತ್ತಿದ್ದ. ಅವನು ಇನ್ನೂ ಹೋಗಿಲ್ಲ.