ಇಲ್ಲದ ಮರ

ಬಸ್ಸುಗಳೆಲ್ಲ ಬಂದು ತಿರುಗಿ ಹೋಗುವ ಕಡೆಯ ನಿಲ್ದಾಣದ ಹಿಂದೆಯೇ ಆ ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಆಟದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಸೀಟಿ ಟೀಚರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿತ್ತು, ಬಾಯಿಮಾತಿಗಿಂತ ಅದರ ಕೆಲಸವೇ ಹೆಚ್ಚು. ಮನೆಯಲ್ಲೂ ಊಟಕ್ಕೆ ಸೀಟಿ ಊದಿಯೇ ಕರೆಯುತ್ತಾಳೆ ಎಂದು ಅವರ ಗಂಡ ಎಲ್ಲರೆದುರು ಹೇಳಿ ನಗಿಸುತ್ತಿದ್ದರು. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಶಾಲೆಯಲ್ಲಿ ಟೀಚರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕೋಣೆ. ತಲೆ ತಗ್ಗಿಸದೆ ಒಳಗೆ ಹೋಗುವ ಹಾಗಿಲ್ಲ. ಅಲ್ಲಿ ಗಾಳಿ ಇಳಿದ ಚೆಂಡುಗಳು, ಸಿಕ್ಕು ಬಿದ್ದ ಹಗ್ಗ, ಗೆರೆ ಹಾಕುವ ಸುಣ್ಣದ ಪುಡಿಯ ಡಬ್ಬ ಇದ್ದವು. ಒಂದು ಕಾಲಕ್ಕೆ ಚೆನ್ನಾಗಿ ಓಡುತ್ತಿದ್ದವರು ಅವರು. ಮಂಡಿ ಕೈಕೊಟ್ಟ ಮೇಲೆ ಓಡಿಸುವ ಕೆಲಸಕ್ಕೆ ಬಂದಿದ್ದರು. ಆದರೆ ಓಡಿಸುವುದಕ್ಕೂ ಹೊತ್ತು ಬೇಕಲ್ಲ? ವಾರಕ್ಕೊಮ್ಮೆಯಾದರೂ ಗಣಿತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಟೀಚರ್, ಪಾಠ ಮುಗಿದಿಲ್ಲ. ನಿಮ್ಮ ಪೀರಿಯಡ್ ಇವತ್ತೊಂದು ದಿನ ಕೊಡ್ತೀರಾ?"

"ತಗೊಳ್ಳಿ ಸರ್."

ಉಳಿದ ಹೊತ್ತಿನಲ್ಲೇ ಹುಡುಗಿಯರ ರಿಲೇ ತಂಡವನ್ನು ಕಟ್ಟಿದ್ದರು. ಶಾಲೆಯ ಅಂಗಳ ಚಿಕ್ಕದು, ಮೇಲಾಗಿ ಅದರೊಳಗೊಂದು ಮರ. ಎಷ್ಟು ಹಿಂದೆ ಮುಂದೆ ಮಾಡಿ ಟ್ರ್ಯಾಕ್ ಎಳೆದರೂ ಕೊನೆಯ ನೇರ ಓಟದ ನಡುವೆ ಮರ ಬಂದೇ ಬರುತ್ತಿತ್ತು. ಮಕ್ಕಳು ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಮರ ಹತ್ತಿರ ಬಂದಾಗ ಬಲಕ್ಕೆ ಸರಿದು, ದಾಟಿದ ಮೇಲೆ ಮತ್ತೆ ಗೆರೆಯೊಳಗೆ ಬಂದು ಓಡುತ್ತಿದ್ದರು. ಟೀಚರೂ "ಮರ, ಮರ!" ಎಂದು ಕೂಗಿ ಕೂಗಿ ಕಲಿಸಿದ್ದರು.

ಕೊನೆಯಲ್ಲಿ ಓಡುವವಳನ್ನು ಎಲ್ಲರೂ ಗಾಳಿಪಟ ಎನ್ನುತ್ತಿದ್ದರು. ಒಂಬತ್ತನೇ ತರಗತಿಯ ಕಡ್ಡಿಯಂಥ ಹುಡುಗಿ. ಆ ವರ್ಷ ಶಾಲೆ ಮೊದಲ ಸಲ ದೊಡ್ಡ ಮೈದಾನದ ಪಂದ್ಯಕ್ಕೆ ಹೋಗಿತ್ತು. ರಿಲೇ ಕೋಲು ಗಾಳಿಪಟದ ಕೈಗೆ ಬಂದಾಗ ತಂಡ ಮುಂದಿತ್ತು. ಅರ್ಧ ದೂರಕ್ಕೆ ಬಂದವಳೇ ಹುಡುಗಿ ತಟ್ಟನೆ ಬಲಕ್ಕೆ ಸರಿದಳು. ಅಲ್ಲಿ ಮರವಿರಲಿಲ್ಲ. ಪಕ್ಕದ ಪಟ್ಟಿಯಲ್ಲಿ ಇನ್ನೊಬ್ಬಳು ಓಡುತ್ತಿದ್ದಳು. ಇಬ್ಬರೂ ಬಿದ್ದರು. ತಂಡವನ್ನು ಪಂದ್ಯದಿಂದ ಹೊರಗಿಟ್ಟರು.

ಮಾರನೆಯ ದಿನ ಗಾಳಿಪಟ ಶಾಲೆಗೆ ಬಂದಳು. ಅದರ ಮಾರನೆಯ ದಿನವೂ ಬಂದಳು. ಆಮೇಲೆ ಬರಲಿಲ್ಲ. ಇದೇ ತಿಂಗಳೊಳಗೆ ಬಾರದಿದ್ದರೆ ಹಾಜರಿಯಿಂದ ಹೆಸರು ತೆಗೆಯಬೇಕಾಗುತ್ತದೆ ಎಂದು ಹೆಡ್‌ಮಿಸ್ ಟೀಚರಿಗೆ ಹೇಳಿದರು.

ಶಾಲೆಯ ಎದುರು ರಸ್ತೆಯಾಚೆ ಹುಡುಗಿಯ ದೊಡ್ಡಮ್ಮನ ಲಾಂಡ್ರಿ. ಸಂಜೆ ಟೀಚರ್ ಅಲ್ಲಿಗೆ ಹೋದರು.

"ಬನ್ನಿ ಟೀಚರ್, ಸೀಟಿ ತೊಳೆಯೋಕೆ ತಂದ್ರಾ?" ಎಂದು ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟರು. ಆಮೇಲೆ ದನಿ ತಗ್ಗಿಸಿ, "ಶಾಲೆಗೆ ಹೋಗು ಅಂತ ಹೇಳಿ ಹೇಳಿ ಸಾಕಾಯ್ತು. ಅವಳು ಇಲ್ಲಿದ್ರೆ ನನಗೆ ಅನುಕೂಲನೇ. ಆದ್ರೆ ಓಡಾಡೋ ವಯಸ್ಸಿನ ಹುಡುಗಿ ಬಟ್ಟೆ ಮಡಿಸ್ಕೊಂಡು ಕೂತಿದ್ರೆ ನನ್ನ ಕಣ್ಣಲ್ಲಿ ನೋಡೋಕಾಗಲ್ಲ" ಎಂದರು.

ನೇತುಹಾಕಿದ ಅಂಗಿಗಳ ಹಿಂದೆ ಎರಡು ಬರಿಗಾಲು ಮಾತ್ರ ಕಾಣುತ್ತಿದ್ದವು. ಟೀಚರ್ ಆ ಕಾಲುಗಳ ಕಡೆ ತಿರುಗಿ ಹೇಳಿದರು, "ತಪ್ಪು ನಿಂದಲ್ಲ ಕಣೇ. ನಾನು ಕಲಿಸಿದ್ದನ್ನೇ ನೀನು ಮಾಡಿದ್ದು."

ಅಂಗಿಗಳ ಹಿಂದಿನಿಂದ ಉತ್ತರ ಬಂತು. "ಅದನ್ನ ಕ್ಲಾಸಿನಲ್ಲಿ ಹೇಳಿ ಟೀಚರ್. ನನ್ನ ಬೆಂಚಿನ ಹತ್ತಿರ ಬಂದಾಗ ಎಲ್ರೂ ಸುತ್ತು ಹಾಕ್ಕೊಂಡು ಹೋಗ್ತಾರೆ. 'ಹುಷಾರು, ಮರ ಇದೆ' ಅಂತಾರೆ. ನನ್ನ ಜೊತೆ ಓಡಿದೋರೂ ಅಂತಾರೆ."

ಟೀಚರ್ ಬಸ್ ನಿಲ್ದಾಣದ ಕಡೆ ಹೊರಟರು.

ಅವರ ಗಂಡ ಅದೇ ನಿಲ್ದಾಣದ ಬಸ್ಸಿನ ಡ್ರೈವರು. ಟೀಚರ್ ಎಂದಿನಂತೆ ಅವರ ಹಿಂದಿನ ಸೀಟಿನಲ್ಲಿ ಕೂತರು. ಸೇತುವೆಯ ಹತ್ತಿರ ಬಸ್ಸು ಸುಮ್ಮಸುಮ್ಮನೆ ಬಲಕ್ಕೆ ವಾಲಿ ಮತ್ತೆ ನೆಟ್ಟಗಾಯಿತು.

"ಏನ್ರೀ ಇದು? ಗುಂಡಿ ಮುಚ್ಚಿ ಯಾವ ಕಾಲ ಆಯ್ತು, ಇನ್ನೂ ಸುತ್ತಿಕೊಂಡು ಹೋಗ್ತೀರಲ್ಲ!"

"ನಾನೆಲ್ಲಿ ಹೋಗ್ತೀನೇ? ಕೈ ಹೋಗುತ್ತೆ."

"ಅದು ಬಿಟ್ಟು ಹೋಗೋದು ಯಾವಾಗ?"

"ನನ್ನ ಬೇರೆ ರೂಟಿಗೆ ಹಾಕಿದ ದಿನ" ಎಂದು ಅವರು ಹಾರ್ನ್ ಹೊಡೆದರು.

ಇಳಿಯುವ ನಿಲ್ದಾಣ ಬಂದದ್ದನ್ನೂ ಟೀಚರಿಗೆ ಗಂಡನೇ ನೆನಪಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಟೀಚರ್ ಸುಣ್ಣದ ಡಬ್ಬ ಹಿಡಿದು ಅಂಗಳಕ್ಕಿಳಿದರು. ಹಳೆಯ ಗೆರೆಗಳನ್ನೆಲ್ಲ ಪೊರಕೆಯಿಂದ ಅಳಿಸಿದರು. ಮರವನ್ನು ಬದಿಗೆ ಬಿಟ್ಟು, ಕಂಬಿಬೇಲಿಯ ಮಗ್ಗುಲಲ್ಲಿ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಎಳೆದರು. ಅಷ್ಟರಲ್ಲಿ ಗಣಿತದ ಮೇಷ್ಟ್ರು ಬಂದರು.

"ಟೀಚರ್, ಇವತ್ತೊಂದು ದಿನ..."

"ಇವತ್ತು ಆಗಲ್ಲ ಸರ್."

"ಆಗಲ್ಲ ಅಂದ್ರೆ?"

"ಅಂದ್ರೆ ಆಗಲ್ಲ." ಹಾಗೆಂದದ್ದು ತಾನೇನಾ ಎಂದು ಟೀಚರಿಗೇ ಆಶ್ಚರ್ಯವಾಯಿತು.

ತಂಡದ ಹುಡುಗಿಯರು ಸಾಲಾಗಿ ನಿಂತರು. "ಅಯ್ಯೋ, ಈ ದಾರಿಲಿ ಮರನೇ ಇಲ್ಲ ಟೀಚರ್. ಕಣ್ಮುಚ್ಚಿಕೊಂಡು ಓಡ್ತೀನಿ" ಎಂದಳು ಮೊದಲನೆಯವಳು. ಗಾಳಿಪಟದ ಬೆಂಚು ಸುತ್ತಿ ನಗಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಅವಳೇ. ಸೀಟಿ ಕೇಳಿದ ಕೂಡಲೇ ಬಾಣದ ಹಾಗೆ ಹೊರಟಳು. ಅರ್ಧ ದೂರಕ್ಕೆ ಬಂದಾಗ ಅವಳ ಕಾಲು ತಟ್ಟನೆ ಬಲಕ್ಕೆ ಸರಿದು, ಭುಜ ಕಂಬಿಬೇಲಿಗೆ ತಾಗಿ, ಅಲ್ಲೇ ಪೆಚ್ಚಾಗಿ ನಿಂತಳು. ಎರಡನೆಯವಳು ನಕ್ಕುಕೊಂಡು ಓಡಿದಳು. ಅವಳೂ ಅಲ್ಲೇ ಸರಿದಳು. ಮೂರನೆಯವಳು "ನಾನು ಪಕ್ಕಕ್ಕೆ ಸರಿಯಲ್ಲ, ಸರಿಯಲ್ಲ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಓಡಿ, ಹೇಳಿಕೊಳ್ಳುತ್ತಲೇ ಸರಿದಳು.

ಬೇಲಿಯಾಚೆ ಯಾರೋ ಜೋರಾಗಿ ನಕ್ಕರು. ಇಸ್ತ್ರಿಯಾದ ಬಟ್ಟೆಯ ಗಂಟು ಹಿಡಿದು ಗಾಳಿಪಟ ನಿಂತಿದ್ದಳು. ಹುಡುಗಿಯರು ಅವಳನ್ನು ನೋಡಿದರು.

ಮೊದಲನೆಯವಳು ಭುಜ ಉಜ್ಜಿಕೊಳ್ಳುತ್ತ, "ನಗಬೇಡ ಕಣೇ" ಎಂದಳು. ಆಮೇಲೆ ನೆಲ ನೋಡಿಕೊಂಡು, "ನಾವೂ ನಗಬಾರದಿತ್ತು" ಎಂದಳು.

ಗಾಳಿಪಟ ಬೇಲಿಯ ಹೊರಗಿನಿಂದಲೇ ನೆಲದ ಸುಣ್ಣ ನೋಡಿದಳು. "ಟೀಚರ್, ಗೆರೆ ಸೊಟ್ಟ ಬಂದಿದೆ" ಎಂದಳು.

"ಬರದೆ ಏನು? ನನ್ನ ಮಂಡಿ ಬಗ್ಗಲ್ಲ. ನೀನೇ ಬಂದು ಹಾಕು."

"ನಾನು ಶಾಲೆಗೆ ಬಂದಿಲ್ಲ. ಬಟ್ಟೆ ಕೊಡೋಕೆ ಹೊರಟಿದ್ದೆ."

"ಕೊಟ್ಟು ಬಾ. ಗೆರೆ ಎಲ್ಲಿಗೂ ಓಡಿಹೋಗಲ್ಲ."

ಹುಡುಗಿ ಹೋದಳು. ಟೀಚರ್ ಗೇಟಿನ ಕಡೆ ನೋಡಬಾರದೆಂದು ಚೆಂಡಿಗೆ ಗಾಳಿ ತುಂಬುತ್ತ ಕೂತರು. ಚೆಂಡು ಕಲ್ಲಿನಂತಾದ ಮೇಲೂ ತುಂಬುತ್ತಲೇ ಇದ್ದರು. ಕೊನೆಗೆ ಯಾರೋ ಬಂದು ಪಕ್ಕದಲ್ಲಿದ್ದ ಸುಣ್ಣದ ಡಬ್ಬ ಎತ್ತಿಕೊಂಡರು. ಗಾಳಿಪಟ ಸಮವಸ್ತ್ರ ಹಾಕಿಕೊಂಡೇ ಬಂದಿದ್ದಳು. ದೊಡ್ಡಮ್ಮ ಅದಕ್ಕೆ ಗರಿಗರಿಯಾಗಿ ಇಸ್ತ್ರಿ ಹಾಕಿ ಯಾವತ್ತಿನಿಂದಲೋ ನೇತುಹಾಕಿದ್ದರಂತೆ.

ಅಂದಿನಿಂದ ಗೆರೆ ಹಾಕುವುದು ಗಾಳಿಪಟದ ಕೆಲಸವಾಯಿತು. ದಿನಕ್ಕೊಂದು ದಿಕ್ಕಿಗೆ ಹಾಕುತ್ತಿದ್ದಳು. ಮರ ಒಂದು ದಿನ ಮೊದಲಲ್ಲಿ, ಒಂದು ದಿನ ತಿರುವಿನಲ್ಲಿ, ಒಂದು ದಿನ ಎಲ್ಲೂ ಇಲ್ಲ. ಕಾಲು ನೆನಪಿಟ್ಟುಕೊಳ್ಳಲು ಏನೂ ಉಳಿಯದ್ದರಿಂದ ಎಲ್ಲರೂ ಕಣ್ಣಲ್ಲಿ ಗೆರೆ ನೋಡಿಯೇ ಓಡಬೇಕಾಯಿತು.

ಮುಂದಿನ ವರ್ಷ ಮತ್ತೆ ಅದೇ ದೊಡ್ಡ ಮೈದಾನ. ಕೋಲು ಗಾಳಿಪಟದ ಕೈಗೆ ಬಂದಾಗ ಹೋದ ವರ್ಷದ ಕಥೆ ಕೇಳಿದ್ದ ಬೇರೆ ಶಾಲೆಯ ಯಾರೋ ಬೇಕೆಂದೇ "ಮರ, ಮರ!" ಎಂದು ಕೂಗಿದರು. ಅವಳು ನೆಟ್ಟಗೆ ಓಡಿದಳು. ತಂಡ ಮೂರನೆಯದಾಗಿ ಬಂತು. ಕೂಗಿದವನ ಮುಂದೆ ಹಾದುಹೋಗುವಾಗ ಅವಳು ಏದುಸಿರಿನಲ್ಲೇ, "ಮರಕ್ಕೆ ಇವತ್ತು ರಜ" ಎಂದಳು.

ವಾಪಸು ಬಂದದ್ದು ಟೀಚರ ಗಂಡನ ಬಸ್ಸಿನಲ್ಲೇ. ಗಾಳಿಪಟ ಕಿಟಕಿಯ ಪಕ್ಕ ಕೂತು, ನಾಳೆಯ ಗಣಿತದ ಲೆಕ್ಕ ಯಾರು ಮಾಡಿದ್ದೀರಿ ಎಂದು ಕೇಳುತ್ತಿದ್ದಳು. ಸೇತುವೆ ಹತ್ತಿರ ಬಸ್ಸು ಎಂದಿನಂತೆ ಬಲಕ್ಕೆ ವಾಲಿತು.

"ಮರ!" ಎಂದು ಅವಳು ಮೊದಲು ಕೂಗಿದಳು. ಹಿಂದೆಯೇ ಇಡೀ ತಂಡ ಕೂಗಿತು. ಟೀಚರ್ ಕೊರಳ ಸೀಟಿ ಎತ್ತಿ ಗಂಡನ ಕಿವಿಯ ಹತ್ತಿರ ಉದ್ದಕ್ಕೆ ಊದಿದರು.