ಸಬ್‌ಮೆರೀನೋ, ಮೀನೋ

ಹನೂರಿನಲ್ಲಿ ನಾನು ಹಡಗಿನ ಮಾತೆತ್ತಿದರೆ ಜನ ನಗುತ್ತಾರೆ. ನಗಲಿ, ನನಗೇನು! ಬಾಂಗ್ಲಾ ಯುದ್ಧದಲ್ಲಿ ನಾನಿದ್ದದ್ದು ಬೆಂಗಾವಲು ಹಡಗಿನಲ್ಲಿ. ದೊಡ್ಡ ಹಡಗುಗಳ ಸುತ್ತ ಕಾವಲು ತಿರುಗುವುದು, ನೀರಿನಡಿ ಶತ್ರುವಿನ ಸಬ್‌ಮೆರೀನ್ ಬಂದರೆ ಬಾಂಬು ಬಿಡುವುದು ಅದರ ಕೆಲಸ. ಯುದ್ಧ ಮುಗಿದ ಮೇಲೆ ಆ ಹಡಗನ್ನು ಹೊಸಬರ ತರಬೇತಿಗೆ ಇಟ್ಟುಕೊಂಡರು, ಕೊನೆಗೆ ಒಡೆದು ಗುಜರಿಗೆ ಹಾಕಿದರು. ಮನೆ ತುಂಬ ಮಕ್ಕಳು ಮೊಮ್ಮಕ್ಕಳಿದ್ದಾರೆ, ಆದರೆ ಇದನ್ನು ಕೇಳುವವರು ಒಬ್ಬರೂ ಇಲ್ಲ.

ಅದೇ ಹಡಗಿನವನು ಇನ್ನೊಬ್ಬ ಮಾಂಬಳ್ಳಿಯಲ್ಲಿದ್ದಾನೆ. ವಾರಕ್ಕೊಮ್ಮೆ ಇಬ್ಬರೂ ಕೊಳ್ಳೇಗಾಲದ ಹೋಟೆಲೊಂದರಲ್ಲಿ ಸೇರುತ್ತಿದ್ದೆವು, ಸೇರುತ್ತಿದ್ದದ್ದೇ ಜಗಳಕ್ಕೆ. ನಾನು ಕೆಳಗೆ ಬಾಯ್ಲರ್ ಮುಂದೆ ಬೇಯುತ್ತಿದ್ದವನು. ಅವನು ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೀರೊಳಗಿನ ಸದ್ದು ಆಲಿಸುತ್ತಿದ್ದವನು. ಒಂದು ಬೆಳಿಗ್ಗೆ ಅವನು ಏನೋ ಇದೆ ಎಂದ, ಬಾಂಬು ಬಿಟ್ಟರು, ಹಡಗೆಲ್ಲ ಗಡಗಡ ನಡುಗಿತು. ಸಬ್‌ಮೆರೀನ್ ಮುಳುಗಿಸಿದೆವು ಅಂತ ನಾನು ಊರೆಲ್ಲ ಹೇಳಿಕೊಂಡು ಬಂದೆ.

"ಯಾವ ಸಬ್‌ಮೆರೀನ್ಲಾ? ಮೀನಿನ್ ಇಂಡು ಕಣ್ಲಾ ಅದು! ಸತ್ತ್ ಮೀನು ತೇಲಿದ್ನ ನಾನೇ ನೋಡಿವ್ನಿ. ಒಲೆ ಮುಂದೆ ಕುಂತಿದ್ದೋನು, ನಿಂಗೇನ್ಲಾ ಗೊತ್ತು?" ಅಂತ ಅವನು ಹೋಟೆಲು ಹಾರಿಹೋಗುವ ಹಾಗೆ ಕಿರುಚುತ್ತಿದ್ದ. ಎಡವಟ್ಟು ಮಾಡಿದವನು ತಾನೇ ಅನ್ನುವ ನಾಚಿಕೆಯೂ ಇಲ್ಲ ಅವನಿಗೆ! ಹಾಳಾದವನು, ಒಂದು ಸಲವೂ ಬಿಟ್ಟುಕೊಡಲಿಲ್ಲ.

ಹೋದ ತಿಂಗಳು ಅವನಿಗೆ ಲಕ್ವ ಹೊಡೆಯಿತು. ಕಾಮಗೆರೆಯ ಆಸ್ಪತ್ರೆಗೆ ಓಡಿದೆ. ಬಾಗಿಲಲ್ಲೇ ಅವನ ಹೆಂಡತಿ ಕೈ ಹಿಡಿದುಕೊಂಡಳು.

"ಮಾತ್ ಬತ್ತದೆ, ಆದ್ರೆ ನನ್ನೂ ಗುರ್ತಿಸ್ತಿಲ್ಲ ಕಣಣ್ಣ. ಅಡಗಿನ್ ವಿಸ್ಯ ಎತ್ತಿ. ನಿಮ್ಮೇಲೆ ಜಗಳ ಆಡಕಾದ್ರೂ ಸರಿ ಓಯ್ತಾರೇನೋ."

ಮಂಚದ ಪಕ್ಕ ಕುಳಿತೆ. ಈ ಮನುಷ್ಯ ಹೋದರೆ ನಮ್ಮ ಹಡಗಿನವರಲ್ಲಿ ಉಳಿಯುವವನು ನಾನೊಬ್ಬನೇ ಎಂದು ಭಯವಾಯಿತು.

"ಲೇ, ಅವತ್ತು ಸಬ್‌ಮೆರೀನ್ ಮುಳುಗಿಸ್ದೋ ಅಲ್ವೇನ್ಲಾ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. ಬಯ್ಯುತ್ತಾನೆ, ಈಗ ಬಯ್ಯುತ್ತಾನೆ ಎಂದು ಕಾದೆ.

"ಊಂ, ಮುಳುಗಿಸ್ದೋ."

"ಒಂದಲ್ಲ ಕಣ್ಲಾ, ಎಲ್ಡು."

"ಊಂ, ಎಲ್ಡು."

ನನಗೆ ಎಲ್ಲಿತ್ತೋ ಸಿಟ್ಟು. "ಥೂ ನಿನ್ನ! ಮೀನ್ಲಾ ಅದು, ಮೀನು! ನೀನೇ ಅಲ್ವೇನ್ಲಾ ನೋಡಿದ್ದು?" ಎಂದು ಕೂಗಿದೆ. ಪಕ್ಕದ ಮಂಚದವರು ಎದ್ದು ಕೂತರು.

ಅವನು ಸಮಾಧಾನ ಮಾಡುವವನಂತೆ ನನ್ನ ಕೈ ತಟ್ಟಿದ. "ಆಗ್ಲಿ ಬುಡಿ ಸಾ. ನೀವ್ ಯೋಳಿದ್ಮೇಲೆ ಮುಗೀತು."

ಹಡಗಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವನು ಯಾರೋ ಸಾಹೇಬರಿಗೆ ಅಂದಂತೆ ನನ್ನನ್ನು ಸಾ ಅಂದ. ಎದ್ದು ಹೊರಗೆ ಬಂದೆ.

"ಜಗಳ ಆಡುದ್ರಾ?" ಎಂದು ಅವನ ಹೆಂಡತಿ ಆಸೆಯಿಂದ ಕೇಳಿದಳು.

"ಇಲ್ಲ ಕಣವ್ವ. ಒಪ್ಕಂಬುಟ್ಟ" ಎಂದೆ.