ತಲೆ ಬಿಟ್ಟು ಕಾಲು ತೆಗೆದ ಫೋಟೋ

ನಮ್ಮ ಪಂಪಾ ನಡೆದಳು. ಮೊದಲು ಈ ಮಾತು ಹೇಳಿಬಿಟ್ಟೆ, ಇನ್ನು ಉಸಿರು ಎಳೆದುಕೊಂಡು ಉಳಿದದ್ದು ಹೇಳುತ್ತೇನೆ. ಪಂಪಾ ಅಂದರೆ ನನ್ನ ಮೊಮ್ಮಗಳು, ಮಗ ವೀರೇಶನ ಕೂಸು. ಮೊನ್ನೆ ಬೆಳಿಗ್ಗೆ ಸಂಡೂರಿನ ಗುಡ್ಡದ ಬುಡದಲ್ಲಿ, ಒಂದು ಮುತ್ತುಗದ ಮರದ ಕೆಳಗೆ, ಯಾರ ಬೆರಳನ್ನೂ ಹಿಡಿಯದೆ ನಡೆದಳು. ಹೊಸಪೇಟೆಗೆ ವಾಪಸ್ ಬರುವಾಗ ಬಂಕಿನಲ್ಲಿ ಡೀಸೆಲ್ ಹಾಕುವವನಿಗೂ ಈ ಸುದ್ದಿ ಹೇಳಿದೆ. ಪಾಪ, ಅವನು ಎಷ್ಟು ಹಾಕಲಿ ಎಂದಷ್ಟೇ ಕೇಳಿದ್ದ.

ಮಗು ನಡೆಯುವುದೂ ಒಂದು ಸುದ್ದಿಯೇ, ಎಮ್ಮೆಯ ಕರು ಹುಟ್ಟಿದ ದಿನವೇ ಎದ್ದು ನಿಲ್ಲುತ್ತದಲ್ಲ ಎಂದು ನೀವು ಅನ್ನಬಹುದು. ಆದರೆ ನಮ್ಮ ಪಂಪಾ ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದಲೇ ಒಂದು ಕೈ ನೆಲಕ್ಕೆ ಊರಿ, ಹರಿಗೋಲಿಗೆ ಹುಟ್ಟು ಹಾಕಿದಂತೆ ತಳ್ಳಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಓರಗೆಯ ಮಕ್ಕಳೆಲ್ಲ ಓಡುತ್ತಿದ್ದರೂ ಇವಳದು ಜಲಯಾನವೇ. ಹೊಸ್ತಿಲು ಬಂದರೆ ಮಾತ್ರ ನಿಂತುಬಿಡುವಳು. ಅದನ್ನು ಕೈಯಿಂದ ತಟ್ಟಿ, ನಮ್ಮ ಮುಖ ನೋಡುವಳು. ಯಾರಾದರೂ ಎತ್ತಿ ಆಚೆ ಇಡಬೇಕು. ಡಾಕ್ಟರು ಕಾಲು ಮಡಚಿ ಬಿಡಿಸಿ ನೋಡಿ, ಏನೂ ತೊಂದರೆ ಇಲ್ಲ, ಕೂತು ಸರಿಯುವ ಮಕ್ಕಳು ನಡೆಯುವುದು ತಡ ಎಂದರು. ಡಾಕ್ಟರು ಹೇಳಿದ್ದನ್ನು ನಾವು ನಂಬಿದೆವು. ಆದರೆ ನಂಬುವುದಕ್ಕೂ ನಿದ್ದೆ ಬರುವುದಕ್ಕೂ ಸಂಬಂಧವಿಲ್ಲ.

ಇದರ ಮೇಲೆ ನಮ್ಮ ಮನೆತನದವರ ಫೋನಿನ ಗ್ರೂಪು ಬೇರೆ. ಅದರಲ್ಲಿ ಎಲ್ಲರಿಗಿಂತ ಮುಂದೆ ನನ್ನ ನಾದಿನಿ ಶಾಂತಮ್ಮ, ಕಂಪ್ಲಿಯ ಅಕ್ಕಿ ಮಿಲ್ಲಿನವಳು. ಪಂಪಾಳ ಫೋಟೋ ಹಾಕಿದ ಮರುಗಳಿಗೆಯೇ ಅವಳು ರೆಕಾರ್ಡ್ ಮಾಡಿ ಕಳಿಸಿದ ದನಿ ಬರುವುದು: “ಕೂಸು ದುಂಡಗ ಐತಿ ಅತ್ತಿಗಿ. ಇನ್ನಾ ನಡಿಯಾಕ ಹತ್ತಿಲ್ಲೇನು?” ಅವಳು ಕೆಟ್ಟವಳಲ್ಲ, ಬಾಯಿಗೆ ಗೇಟಿಲ್ಲ ಅಷ್ಟೇ. ನಮ್ಮ ಯಜಮಾನರು ಟಿ.ಬಿ. ಡ್ಯಾಮಿನಲ್ಲಿ ಗೇಟು ಏರಿಸಿ ಇಳಿಸಿಯೇ ರಿಟೈರ್ ಆದವರು. ಅಷ್ಟು ದೊಡ್ಡ ಹೊಳೆಯನ್ನು ತಡೆದವರಿಗೆ ತಂಗಿಯನ್ನು ತಡೆಯಲಾಗಲಿಲ್ಲ.

ಒಂದು ದಿನ ಸೊಸೆ ಶೈಲಾ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಹೇಳಿದಳು: “ಅತ್ತಿ, ಇನ್ನ ಮ್ಯಾಲೆ ಕೂಸಿನ ಫೋಟೋ ಗ್ರೂಪಿಗೆ ಹಾಕಬ್ಯಾಡ್ರಿ.”

ಆಯ್ತವ್ವ ಅಂದೆ. ಅವತ್ತು ರೊಟ್ಟಿ ಬಡಿಯುವ ಸಪ್ಪಳ ದಿನಕ್ಕಿಂತ ಜೋರಾಗಿತ್ತು. ತಾಯಿಯಾದವಳಿಗೆ ಮಗು ನಡೆಯದಿರುವುದಕ್ಕಿಂತ, ಯಾಕೆ ನಡೆಯಲಿಲ್ಲ ಎಂಬ ಪ್ರಶ್ನೆಯೇ ಹೆಚ್ಚು ನೋಯಿಸುತ್ತದೆ.

ಆದರೆ ಫೋಟೋ ಕಳಿಸುವ ಚಟ ನನ್ನನ್ನು ಬಿಡಬೇಕಲ್ಲ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಫೋನಿನಲ್ಲಿ ಅಕ್ಷರ ಒತ್ತಿ ಒಂದು ಮಾತು ಕೂಡಿಸುವ ಹೊತ್ತಿಗೆ ಒಲೆಯ ಮೇಲಿನ ಬೇಳೆ ಬೆಂದು ತಳ ಹಿಡಿದಿರುತ್ತದೆ. ಫೋಟೋಕ್ಕೆ ಆ ಕಷ್ಟವಿಲ್ಲ. ಹೀಗಾಗಿ ಮೊಮ್ಮಗಳನ್ನು ಬಿಟ್ಟು ಉಳಿದ ಲೋಕವನ್ನೆಲ್ಲ ಕಳಿಸತೊಡಗಿದೆ. ಹೊಂಗೆಯ ಹೊಸ ಚಿಗುರು, ಬೇವಿನ ಹೂವು ಉದುರಿ ಬಿಳಿಯಾದ ಅಂಗಳ, ಕಾಲುವೆಯ ದಂಡೆಯಲ್ಲಿ ಮಲಗಿದ ನಾಯಿ, ಎದುರು ಮನೆಯವರ ರಂಗೋಲಿ. ಚಳಿ ಹೋಗಿ ಬಿಸಿಲು ಇನ್ನೂ ಕಚ್ಚುವ ಮೊದಲು ನಮ್ಮ ಕಡೆ ನಾಲ್ಕು ದಿನ ಒಳ್ಳೆಯ ಗಾಳಿ ಬೀಸುತ್ತದೆ. ಆ ದಿನಗಳಲ್ಲಿ ಪಂಪಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ದಿನಾ ಬೆಳಿಗ್ಗೆ ತಿರುಗಾಡಿದೆ. ನಡೆದದ್ದು ನಾನು, ನೋಡಿದ್ದು ಅವಳು.

ನನ್ನ ಫೋಟೋಗಳು ಮನೆಯಲ್ಲಿ ಹೆಸರುವಾಸಿ. ಮನುಷ್ಯರಿದ್ದರೆ ತಲೆ ಬರುವುದಿಲ್ಲ. ಬಿಸಿಲಿಗೆ ಫೋನಿನ ಗಾಜು ಕಾಣದು, ಅದಕ್ಕೆ ಮೊರ ಹಿಡಿದಂತೆ ಹೊಟ್ಟೆಯ ಹತ್ತಿರ ಹಿಡಿದು ಒತ್ತುತ್ತೇನೆ. ಬರುವುದು ಸೀರೆಯ ನೆರಿಗೆ, ಪಂಚೆ, ಚಪ್ಪಲಿ. “ಯವ್ವಾ, ನೀನು ಪೊಲೀಸರಿಗೆ ಭಾಳ ಉಪಯೋಗ ಆಗ್ತಿ, ಕಳ್ಳನ ಚಪ್ಪಲಿ ಆದ್ರೂ ಸಿಗ್ತಾವು” ಎನ್ನುತ್ತಾನೆ ವೀರೇಶ. ನಮ್ಮ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಜನ್ಮಕ್ಕೊಂದು ಫೋಟೋ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ತಾಜಮಹಲಿನ ಪರದೆಯ ಮುಂದೆ ನಿಂತಿದ್ದೆವು. ಮಗ್ಗುಲಲ್ಲೇ ಹಂಪಿ ಇತ್ತು, ಲೋಕದ ಜನವೆಲ್ಲ ಅದನ್ನು ನೋಡಲು ಬರುತ್ತಿತ್ತು, ನಾವು ಮಾತ್ರ ಬಟ್ಟೆಯ ಮೇಲಿನ ಆಗ್ರಾಕ್ಕೆ ಹೋಗಿಬಂದೆವು. ಹತ್ತಿರದ್ದು ಫೋಟೋಕ್ಕೆ ಸಾಲದು ಎಂದು ಆಗ ಎಲ್ಲರೂ ತಿಳಿದಿದ್ದರು. ಈಗ ನಾನು ನಾಯಿ, ರಂಗೋಲಿ ಕಳಿಸಿ ಆ ಲೆಕ್ಕ ಸರಿಮಾಡುತ್ತಿದ್ದೇನೆ.

ಇನ್ನು ಗಾಲಿ ಮನೆಯ ಕತೆ. ವೀರೇಶ ಲಾರಿಗಳಿಗೆ ಬಾಡಿ ಕಟ್ಟುವವನು. ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನ ಜನರನ್ನು ಒಯ್ಯುತ್ತಿದ್ದ ಹಳೆಯ ಟೆಂಪೋ ಒಂದನ್ನು ತಂದು, ಸೀಟು ಕಿತ್ತು, ಮಂಚ ಕೂಡಿಸಿ, ಗ್ಯಾಸ್ ಒಲೆ, ನೀರಿನ ಟಾಕಿ, ಫ್ಯಾನು ಹಾಕಿ ಮನೆ ಮಾಡಿದ. ಹಂಪಿ ನೋಡಲು ಬಂದವರಿಗೆ ಬಾಡಿಗೆಗೆ ಕೊಡುತ್ತಾನೆ. ಖಾಲಿ ಇದ್ದ ದಿನ ನಾವೇ ಏರುತ್ತೇವೆ. ಕೆಲಸ ಮುಗಿದ ದಿನ ಹೆಮ್ಮೆಯಿಂದ ತೋರಿಸಿದಾಗ ನಾನು ಒಂದೇ ಮಾತು ಕೇಳಿದೆ, ಹೊಸ್ತಿಲು ಎಲ್ಲಿ?

“ಗಾಡಿಗೆ ಯಾರು ಹೊಸ್ತಿಲ ಹಾಕ್ತಾರ ಯವ್ವಾ?”

“ಗಾಡಿಗೆ ಬ್ಯಾಡಪ್ಪ. ಮನಿ ಅಂತ ಬೋರ್ಡ್ ಬರಸೀಯಲ್ಲ, ಅದಕ್ಕ.”

ಇದರಲ್ಲಿ ನನ್ನ ಹಟವಷ್ಟೇ ಇರಲಿಲ್ಲ. ಹಂಪಿಯಲ್ಲಿ ಅರಮನೆ ಇದ್ದ ಬಯಲಿನಲ್ಲಿ ಒಮ್ಮೆ ತಿರುಗಿನೋಡಿ. ಗೋಡೆ ಇಲ್ಲ, ಮಾಳಿಗೆ ಇಲ್ಲ, ಮಲಗಿದ ರಾಜರಂತೂ ಇಲ್ಲ. ಉಳಿದದ್ದು ಕಟ್ಟೆ, ಮೆಟ್ಟಿಲು, ಬಾಗಿಲಿದ್ದ ಜಾಗದ ಕಲ್ಲು. ಒಳಗೆ ಹೋಗುವುದಕ್ಕೆ ಏನೂ ಉಳಿದಿಲ್ಲವಾದರೂ ಆ ಕಲ್ಲನ್ನು ದಾಟುವಾಗ ಕಾಲು ತಾನಾಗಿ ಎತ್ತರಕ್ಕೆ ಏಳುತ್ತದೆ. ಅರಮನೆಗೇ ಕೊನೆಗೆ ಉಳಿಯುವುದು ಹೊಸ್ತಿಲಾದರೆ ಟೆಂಪೋಕ್ಕೆ ಬೇಡವೇ? ಇಷ್ಟೆಲ್ಲ ಹೇಳಿದ ಮೇಲೆ ವೀರೇಶ ಸೋತು, ಶೆಡ್ಡಿನಲ್ಲಿದ್ದ ಒಂದು ತೇಗದ ಪಟ್ಟಿಯನ್ನು ಗಾಡಿಯ ಬಾಗಿಲಿಗೆ ಸ್ಕ್ರೂ ಹಾಕಿ ಕೂಡಿಸಿದ. ಬಾಡಿಗೆಗೆ ಬಂದವರೆಲ್ಲ ಅದನ್ನು ಎಡವಿದರು. ಕೆಲವರು ಬೈದರು. ಉಗಾದಿ ಮುಗಿದ ಮೇಲೆ ಬಿಚ್ಚಿಬಿಡುತ್ತೇನೆ ಎಂದು ಅವನು ಸ್ಕ್ರೂ ಡ್ರೈವರನ್ನು ಗಾಡಿಯಲ್ಲೇ ಇಟ್ಟಿದ್ದ.

ಮೊನ್ನೆ ಗಾಡಿ ಖಾಲಿ ಇತ್ತು. ನಸುಕಿನಲ್ಲೇ ಸಂಡೂರಿನ ಕಡೆ ಹೊರಟೆವು. ಗುಡ್ಡದ ಬುಡದಲ್ಲಿ ಮುತ್ತುಗ ಎಲೆಯೆಲ್ಲ ಉದುರಿಸಿ ಬರೀ ಹೂವು ಹೊತ್ತು ನಿಂತಿತ್ತು. ಮೇಲೆಷ್ಟು ಹೂವೋ ಕೆಳಗೂ ಅಷ್ಟೇ. ಅಲ್ಲಿ ಗಾಡಿ ನಿಲ್ಲಿಸಿ, ಬಾಗಿಲ ಮುಂದೆ ಚಾಪೆ ಹಾಸಿ ಪಂಪಾಳನ್ನು ಕೂರಿಸಿದೆವು. ಶೈಲಾ ಒಳಗೆ ಚಹಾಕ್ಕೆ ಇಟ್ಟಳು. ವೀರೇಶ ಗುಡ್ಡಕ್ಕೆ ಬೆನ್ನು ಮಾಡಿ ತನ್ನದೇ ಮುಖದ ಫೋಟೋ ತೆಗೆಯುತ್ತಿದ್ದ. ಯಜಮಾನರು ಟೈರು ನೋಡುತ್ತಿದ್ದರು. ನೀರಿಲ್ಲದ ಕಡೆ ಅವರಿಗೆ ನೋಡಲು ಬೇರೇನೂ ಸಿಗುವುದಿಲ್ಲ. ನಾನು ಉದುರಿದ ಹೂವಿನ ಫೋಟೋ ತೆಗೆಯಲು ಫೋನು ಹೊಟ್ಟೆಗಿಟ್ಟುಕೊಂಡು ಬಗ್ಗಿದ್ದೆ.

ಪಂಪಾ ಹುಟ್ಟು ಹಾಕುತ್ತಾ ಬಾಗಿಲ ಬಳಿ ಹೋದಳು. ದಿನದಂತೆ ಹೊಸ್ತಿಲು ತಟ್ಟಲು ನೆಲಕ್ಕೆ ಕೈ ಹಾಕಿದಳು, ಅಲ್ಲಿ ಹೊಸ್ತಿಲಿಲ್ಲ. ಗಾಡಿಯಲ್ಲವೇ, ಅದು ಮೇಲಿತ್ತು. ಕತ್ತೆತ್ತಿ ನೋಡಿದಳು. ಒಂದು ಕೈ ಚಾಚಿ ಹಿಡಿದಳು, ಇನ್ನೊಂದು ಕೈಯನ್ನೂ ಹಾಕಿದಳು, ಜಗ್ಗಿಕೊಂಡು ಎದ್ದೇ ನಿಂತಳು. ಮನೆಯಲ್ಲಿ ದಾರಿ ತಡೆಯುತ್ತಿದ್ದ ಹೊಸ್ತಿಲು ಇಲ್ಲಿ ಕೈ ಕೊಟ್ಟು ಎಬ್ಬಿಸಿತ್ತು. ನಾನು ಕೂಗಲಿಲ್ಲ. ಕೂಗಿದರೆ ಕೂತುಬಿಟ್ಟಾಳು ಎಂದು ಉಸಿರನ್ನೂ ಬಿಡಲಿಲ್ಲ. ಅವಳು ತಿರುಗಿ ಹೂವು ನೋಡಿದಳು, ಕೈ ಬಿಟ್ಟಳು, ಬಂದಳು. ಒಂದು ಹೆಜ್ಜೆ, ಅದರ ಹಿಂದೆ ಇನ್ನೊಂದು, ಆಮೇಲೆ ಇನ್ನೂ ಒಂದಷ್ಟು. ಹೂವಿನ ನಡುವೆ ದೊಪ್ಪೆಂದು ಕೂತು, ಒಂದನ್ನು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ನನ್ನ ಹೆಬ್ಬೆರಳು ತನ್ನ ಕೆಲಸ ಮಾಡಿ ಮುಗಿಸಿತ್ತು.

ಬಾಗಿಲಲ್ಲಿ ಶೈಲಾ ನಿಂತಿದ್ದಳು. ಕೊನೆಯ ಎರಡು ಹೆಜ್ಜೆ ಅವಳಿಗೂ ಸಿಕ್ಕಿತ್ತು. ಹಿಂದೆ ಚಹಾ ಉಕ್ಕಿ ಒಲೆ ಆರಿದ ಸಪ್ಪಳ ಬಂತು, ಅವಳು ತಿರುಗಲಿಲ್ಲ. ಇಳಿದು ಬಂದು ಕೂಸನ್ನು ಎತ್ತಿಕೊಂಡಳು. ನಾನು ಫೋನು ತೋರಿಸಿದೆ. ಕೆಂಪು ಹೂವಿನ ನಡುವೆ ಎರಡು ಪುಟ್ಟ ಕಾಲು, ಒಂದರ ಹಿಮ್ಮಡಿ ನೆಲ ಬಿಟ್ಟಿದೆ, ಮೂಲೆಯಲ್ಲಿ ಗಾಲಿಯ ಚೂರು. ತಲೆ, ಯಥಾಪ್ರಕಾರ, ಇಲ್ಲ. ಶೈಲಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

“ಗ್ರೂಪಿಗೆ ಹಾಕ್ರಿ ಅತ್ತಿ.”

“ಕೂಸಿನ ಮುಖಾನ ಬಂದಿಲ್ಲಲ್ಲವ್ವ.”

“ಮುಖ ಎಲ್ರೂ ನೋಡ್ಯಾರ್ರಿ. ಕಾಲು ಕೇಳ್ತಿದ್ರು.”

ಹಾಕಿದೆ. ಕಂಪ್ಲಿಯಿಂದ ದನಿ ಬಂತು: “ಹೂವು ಮಸ್ತ್ ಅದಾವು ಅತ್ತಿಗಿ. ನಡುವ ಯಾರದೋ ಕಾಲು ಬಂದಾವು ನೋಡ್ರಿ.” ನಾವು ಹೊಸದಾಗಿ ಚಹಾ ಮಾಡಿ ಕುಡಿದು ಮುಗಿಸಿದ ಮೇಲೆ ಮತ್ತೊಂದು ದನಿ, ಈ ಸಲ ಮೆತ್ತಗೆ: “ಅವು ನಮ್ಮ ಪಂಪಾನ ಕಾಲೇನು? ಸಂಜಿಗೆ ಬರ್ತೀನಿ. ಹೋಳಿಗಿ ನೀವು ಮಾಡಬ್ಯಾಡ್ರಿ, ನಾನ ತರ್ತೀನಿ.”

ಸಂಜೆ ಹೊಸಪೇಟೆಯ ಮನೆಗೆ ಡಬ್ಬಿ ಹೊತ್ತು ಬಂದ ಶಾಂತಮ್ಮ ನನ್ನನ್ನು ದಾಟಿ ನೆಟ್ಟಗೆ ಶೈಲಾಳ ಮುಂದೆ ನಿಂತಳು. “ನನ್ನ ನಾಲಿಗಿ ಭಾಳ ಉದ್ದ ಐತವ್ವ. ಮನಸಿನ್ಯಾಗ ಇಟಗೋಬ್ಯಾಡ.”

ಶೈಲಾ ಡಬ್ಬಿಯ ಮುಚ್ಚಳ ತೆಗೆದು ಒಂದು ಚೂರು ಮುರಿದು ಬಾಯಿಗಿಟ್ಟಳು. “ನಾಲಿಗಿ ಇರ್ಲಿ ಬಿಡ್ರಿ ಅತ್ತಿ. ಕೈ ಛಲೋ ಐತಿ.” ಇಬ್ಬರೂ ನಕ್ಕರು. ಆ ನಗೆ ಕೇಳಿ ನನಗೆ ಪಂಪಾ ಇನ್ನೊಮ್ಮೆ ನಡೆದಷ್ಟು ಸಂತೋಷವಾಯಿತು.

ಇನ್ನು, ಕೂಸು ನಡೆದಾಗ ನಮ್ಮಲ್ಲಿ ಮಾಡುವ ಹೊಸ್ತಿಲ ಪೂಜೆ. ಮನೆಯ ಹೊಸ್ತಿಲಿಗೇ ಆಗಬೇಕು ಎಂದಳು ಶಾಂತಮ್ಮ. ಯಜಮಾನರು ಬಾಯಿ ತೆರೆಯುವುದೇ ಅಪರೂಪ, ಆಗ ಟೆಂಪೋದ ಕಡೆ ಕೈ ತೋರಿಸಿ ತೆರೆದರು: “ಎಬ್ಬಿಸಿ ನಿಲ್ಲಿಸಿದ್ದು ಅದು, ಅರಿಷಿಣ ಇದಕ್ಯಾಕ?” ಹೀಗಾಗಿ ನಾನು ಅಂಗಳದಲ್ಲಿ ನಿಂತಿದ್ದ ಟೆಂಪೋದ ತೇಗದ ಪಟ್ಟಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಒಂದು ಮುತ್ತುಗದ ಹೂವು ಇಟ್ಟೆ. ವೀರೇಶ ಸ್ಕ್ರೂ ಡ್ರೈವರನ್ನು ಗಾಡಿಯಿಂದ ತೆಗೆದು ಶೆಡ್ಡಿನ ಚೀಲಕ್ಕೆ ಹಾಕಿದ. “ಎಡವೋರು ಎಡವಲಿ” ಎಂದ.

ಎರಡು ಹೊಸ್ತಿಲುಗಳ ನಡುವೆ, ಅಂಗಳದಲ್ಲೇ, ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕಂಪ್ಲಿಯ ಹೋಳಿಗೆ. ನಾನು ಎಡಗೈಯಲ್ಲಿ ಒಂದು ಫೋಟೋ ತೆಗೆದೆ. ಅದರಲ್ಲಿ ಒಬ್ಬರ ತಲೆಯೂ ಇಲ್ಲ. ರೊಟ್ಟಿ ಮುರಿಯುವ ಕೈಗಳಿವೆ, ತುಪ್ಪದ ಬಟ್ಟಲಿದೆ, ಅಜ್ಜನ ತಟ್ಟೆಯ ಹೋಳಿಗೆ ತುಳಿದ ಎರಡು ಪುಟ್ಟ ಕಾಲು ಮುಂದಿನ ತಟ್ಟೆಯ ಕಡೆಗೆ ಹೊರಟಿವೆ. ಗ್ರೂಪಿಗೆ ಹಾಕಲಿಲ್ಲ. ನೋಡಬೇಕಾದವರೆಲ್ಲ ಅಲ್ಲೇ ಕೂತು ಉಣ್ಣುತ್ತಿದ್ದರು.